ಅಕ್ಕನ ಮೊರದ ರಾಗಿ

ಶಾಗ್ಯ
8 ಜೂನ್ 1964

ಅಕ್ಕನಿಗೆ ಪುಟ್ಟಮಾದಪ್ಪನ ನಮಸ್ಕಾರ.

ಮೊದಲು ಸಿಹಿ ಸುದ್ದಿ. ಪಿ.ಯು.ಸಿ. ಫಸ್ಟ್ ಕ್ಲಾಸು! ಮೈಸೂರಿನಿಂದ ಬಂದು ಕೊಳ್ಳೇಗಾಲದಲ್ಲಿ ಬಸ್ಸಿಳಿದರೆ ಅಪ್ಪ ಆಗಲೇ ಸ್ಟ್ಯಾಂಡಿನಲ್ಲಿ ನಿಂತಿದ್ದರು. "ಏನಾಯ್ತ್ಲಾ?" ಅಂದರು. ಹೇಳಿದೆ. ಸೀದಾ ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದರು. ದೋಸೆ ತಂದವನಿಗೆ "ನನ್ ಮಗ ಡಾಕ್ಟ್ರು ಓದ್ತಾನೆ ಕಣಪ್ಪಾ" ಅಂದರು. ಮೆಡಿಕಲ್ ಕಾಲೇಜಿಗೆ ಅರ್ಜಿಯನ್ನೇ ಹಾಕಿಲ್ಲ, ಆಗಲೇ ಡಾಕ್ಟ್ರು. ಕೂಸು ಹುಟ್ಟೋಕೆ ಮುಂಚೆ ಕುಲಾವಿ.

ಈಗ ಇನ್ನೊಂದು ವಿಷಯ. ನಿನ್ನೆ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದೆ. ನಗಬೇಡ, ನಿಜವಾಗಿಯೂ ಬಂದಿದೆ. ಥಟ್ಟನೆ ಅವ್ವನ ಮಾತು ನೆನಪಾಯಿತು. ನನಗೆ ಎಣ್ಣೆ ಹಚ್ಚುವಾಗೆಲ್ಲ ಕೆನ್ನೆ ಹಿಂಡಿ ಅನ್ನುತ್ತಿದ್ದಳಲ್ಲ, "ಮೀಸೆ ಬಂದ ವರ್ಷ ನೀನು ನನ್ ಮಗ ಅಲ್ಲ ಕಣ್ಲಾ, ಮಾದಪ್ಪನ ಮಗ" ಅಂತ. ಅಪ್ಪನನ್ನು ಕೇಳಿದೆ. ಉರಿದುಬಿದ್ದರು. "ಅದೆಲ್ಲ ಹೆಂಗಸರ ಮಾತು. ಮಾದಪ್ಪನ ಬೆಟ್ಟದಲ್ಲಿ ನಿನ್ನ ಮುಡಿ ಕೊಟ್ಟಾಯ್ತು, ಹರಕೆ ತೀರ್ತು. ಸುಮ್ನೆ ಅರ್ಜಿ ಬರಿ" ಅಂದರು.

ಅಕ್ಕ, ನನಗೆ ಸಿಡುಬು ಎದ್ದು, ಅವ್ವ ಬೆಟ್ಟಕ್ಕೆ ಹೊತ್ತುಕೊಂಡು ಹೋದಾಗ ಜೊತೆಗಿದ್ದವಳು ನೀನೊಬ್ಬಳೇ. ಅವಳು ಏನೆಂದು ಹರಸಿಕೊಂಡಳು? ಬರೀ ಮುಡಿಯೋ, ಬೇರೆ ಏನಾದರೂ ಇತ್ತೋ? ಅವ್ವ ಹೋಗಿ ಐದು ವರ್ಷವಾಯಿತು. ಕೇಳೋಕೆ ನೀನಲ್ಲದೆ ಇನ್ಯಾರಿದ್ದಾರೆ?

ನಿನ್ನ ತಮ್ಮ
ಪುಟ್ಟ

———

ಮಾಂಬಳ್ಳಿ
15 ಜೂನ್ 1964

ಪುಟ್ಟನಿಗೆ ಅಕ್ಕನ ಆಶೀರ್ವಾದ. ಇಲ್ಲಿ ಎಮ್ಮೆಯೊಂದು ಬಿಟ್ಟು ಮಿಕ್ಕೋರೆಲ್ಲ ಚೆಂದಾಗಿದ್ದೀವಿ. ಎಮ್ಮೆ ಒದೀತದೆ.

ಫಸ್ಟ್ ಕ್ಲಾಸು ಅಂತ ಓದಿದ್ದೇ ತಡ, ಅಡಿಗೆಮನೇಲಿ ಒಬ್ಳೇ ಕುಣಿದುಬಿಟ್ಟೆ ಕಣ್ಲಾ. ಅವ್ವ ಇದ್ದಿದ್ರೆ ಊರಿಗೆಲ್ಲ ಬೆಲ್ಲ ಹಂಚೋಳು. ನಿಮ್ಮ ಭಾವನೂ ಖುಷಿಯಾದ್ರು. ನಮ್ಮತ್ತೆ ಮಾತ್ರ "ಡಾಕ್ಟ್ರು ಆದ್ರೆ ಸೂಜಿ ಚುಚ್ಚೋದೇ ಕೆಲ್ಸ ತಾನೇ" ಅಂದ್ರು. ಅವರ ಬಾಯಲ್ಲಿ ಒಳ್ಳೆ ಮಾತು ಬರಬೇಕಾದ್ರೆ ದೇವರೇ ಇಳಿದು ಬರಬೇಕು.

ನಿನ್ನ ಕಾಗದ ತಲುಪಿದ್ದು ಎರಡು ದಿನ ತಡವಾಗಿ. ರೇಷ್ಮೆ ಹುಳ ಹಣ್ಣಾಗಿ, ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡೋ ಹೊತ್ತು. ಆ ದಿನ ನಮ್ಮತ್ತೆ ಟಪಾಲಿನೋನನ್ನೂ ಬಾಗಿಲಿಗೆ ಸೇರಿಸಲ್ಲ. ಹೊರಗಿನೋರ ಕಣ್ಣು ಬಿದ್ರೆ ಹುಳ ಗೂಡು ಕಟ್ಟಲ್ಲವಂತೆ, ಮನೆಯಿಂದ ಒಂದು ಕಾಳೂ ಹೊರಕ್ಕೆ ಓಗಬಾರದಂತೆ. ಯಾರು ಕೂಗಿದ್ರೂ ಒಳಗಿಂದಲೇ "ಮುಂದಕ್ಕೋಗಪ್ಪಾ" ಅನ್ನೋದು. ಪಾಪ, ಟಪಾಲಿನೋನು ಮುಂದಕ್ಕೇ ಹೋಗಿ ನಿನ್ನ ಕಾಗದಾನ ಪಕ್ಕದ ದೊಡ್ಡಮಾದಮ್ಮನ ಮನೇಲಿ ಕೊಟ್ಟಿದ್ದಾನೆ.

ಹರಕೆ ವಿಚಾರ ಬಿಡು. ಅಪ್ಪ ಹೇಳಿದ ಹಾಗೆ ಕೇಳು. ಮಾದಪ್ಪ ಏನು ಬೆಟ್ಟ ಬಿಟ್ಟು ಓಡೋಗ್ತಾನಾ? ಮೊದ್ಲು ಅರ್ಜಿ ಹಾಕು.

ವೀರಮ್ಮ

———

ಶಾಗ್ಯ
24 ಜೂನ್ 1964

ಅಕ್ಕ,

ಕೇಳಿದ್ದೊಂದು, ನೀನು ಬರೆದಿದ್ದು ಎಮ್ಮೆ, ಹುಳ, ಟಪಾಲಿನವನು. ನೀನು ಮಾತು ಹಾರಿಸುವುದು ನನಗೆ ಗೊತ್ತಿಲ್ಲವಾ? ಚಿಕ್ಕವನಿದ್ದಾಗ ಬೆಲ್ಲದ ಮಡಕೆ ಖಾಲಿಯಾದರೆ ಅವ್ವನ ಮುಂದೆ ನೀನು ಹೀಗೇ ಬೆಕ್ಕಿನ ಕಥೆ ಹೇಳುತ್ತಿದ್ದೆ. ಬರೀ ಮುಡಿಯಾಗಿದ್ದರೆ "ಹೂಂ ಕಣೋ, ಮುಡಿ ಅಷ್ಟೇ" ಅಂತ ಒಂದು ಸಾಲು ಬರೆಯುತ್ತಿದ್ದೆ.

ಅರ್ಜಿ ಪೆಟ್ಟಿಗೆಯಲ್ಲಿದೆ. ಕಳಿಸೋಕೆ ಇನ್ನು ಹೆಚ್ಚು ದಿನವಿಲ್ಲ. ಈ ವರ್ಷ ನನ್ನ ಮಾರ್ಕ್ಸಿಗೆ ಸೀಟು ಸಿಗುತ್ತದೆ ಅಂತ ಮೇಷ್ಟ್ರು ಹೇಳುತ್ತಾರೆ. ಒಂದು ವರ್ಷ ಬಿಟ್ಟರೆ ಸಿಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಸಿಗದೇ ಹೋದರೆ ನಾನು ಎತ್ತಿನ ಹಿಂದೆ, ಅಪ್ಪ ನನ್ನ ಹಿಂದೆ ಬೈದುಕೊಂಡು. ಆದರೆ ಅವ್ವ ಕೊಟ್ಟ ಮಾತನ್ನು ತುಳಿದು ಹೋದರೆ ಆ ಓದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಸತ್ಯ ಹೇಳಿಬಿಡು, ನಿನ್ನ ಕಾಲಿಗೆ ಬೀಳುತ್ತೇನೆ.

ಪುಟ್ಟ

———

ಮಾಂಬಳ್ಳಿ
2 ಜುಲೈ 1964

ಪುಟ್ಟ,

ಸರಿ, ಕೇಳು. ಬೇಕೂಂತಲೇ ಬರೀಲಿಲ್ಲ. ಬರೆದ್ರೆ ನೀನು ಓದು ಬಿಟ್ಟುಬಿಡ್ತೀಯ ಅಂತ ಭಯ ಇತ್ತು.

ನಿನಗೆ ಆಗ ಮೂರೋ ನಾಲ್ಕೋ. ಮೈತುಂಬ ಬೊಕ್ಕೆ. ಕಣ್ಣು ಮುಚ್ಚಿಕೊಂಡೇ ಇದ್ದೆ. ಅಪ್ಪ ಗಾಡಿ ಕಟ್ಟಲ್ಲ ಅಂದ್ರು, ದಾರೀಲೇ ಮಗ ಹೋಗ್ತಾನೆ ಅಂತ. ಅವ್ವ ನಿನ್ನ ಬೆನ್ನಿಗೆ ಕಟ್ಟಿಕೊಂಡು ನಡೆದೇಬಿಟ್ಟಳು. ನಾನು ಅವಳ ಸೆರಗು ಹಿಡ್ಕೊಂಡು ಓಡ್ತಾ ಇದ್ದೆ. ತಾಳುಬೆಟ್ಟದಿಂದ ಮೇಲಕ್ಕೆ ಹತ್ತುವಾಗ ನನ್ನ ಕಾಲು ಒಡೆದು ರಕ್ತ ಬಂತು. ಅವ್ವ ಒಂದು ಕೈಲಿ ನಿನ್ನ ಹಿಡಿದು, ಇನ್ನೊಂದು ಕಂಕುಳಿಗೆ ನನ್ನ ಎತ್ತಿಕೊಂಡಳು. ಆ ಬೆವರಿನ ವಾಸನೆ ಈಗಲೂ ನೆನಪಾಗ್ತದೆ ಕಣ್ಲಾ. ಈ ಮನೇಲಿ ಅಳು ಬಂದಾಗೆಲ್ಲ ಅದನ್ನೇ ನೆನೆಸ್ಕೋತೀನಿ.

ಗುಡಿ ಮುಂದೆ ನಿನ್ನ ಮಲಗಿಸಿ ಜೋರಾಗಿ ಕೂಗಿದಳು. "ಮಾದಪ್ಪಾ, ಇವನ್ನ ಉಳಿಸು. ಮೀಸೆ ಬಂದ ವರ್ಷ ಒಂದೊರ್ಷ ನಿನಗೇ ಬಿಡ್ತೀನಿ. ಜೋಳಿಗೆ ಹಾಕಿ ನಿನ್ನ ಹೆಸರಲ್ಲಿ ಮನೆಮನೆ ಕ್ವಾರಣ್ಯದ ಭಿಕ್ಷೆ ಎತ್ತಿಸ್ತೀನಿ. ಮೊದಲ ಭಿಕ್ಷೆ ನನ್ನ ಕೈಯಾರ ನೀಡ್ತೀನಿ. ಜೋಳಿಗೆ ಹಾಕಿದ ಮೇಲೆ ಅಲ್ಲೀಗಂಟ ಅವನು ಒಂದು ತುತ್ತು ತಿನ್ನದ ಹಾಗೆ ನೋಡ್ಕೋತೀನಿ." ಇದೇ ಮಾತು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ.

ಈಗ ಅವ್ವನ ಕೈ ಇಲ್ಲ. ಅವಳ ಬದಲು ನನ್ನ ಕೈ ಇದೆ.

ಅದ್ಸರಿ, ನಿಜ ಹೇಳು. ಕಾಲೇಜಿನಲ್ಲಿ ಕಪ್ಪೆ ಕೊಯ್ಯುವಾಗ ತಲೆಸುತ್ತಿ ಬಿದ್ದೆಯಂತೆ, ನಿಮ್ಮ ಭಾವನಿಗೆ ಯಾರೋ ಸಂತೇಲಿ ಹೇಳಿದ್ರು. ಅದಕ್ಕೆ ಹೆದರಿಕೊಂಡು ಮಾದಪ್ಪನ ಹಿಂದೆ ಬಚ್ಚಿಟ್ಟುಕೊಳ್ತಿದ್ದೀಯೇನ್ಲಾ? ಅಂಗಿದ್ರೆ ಬೇಡ. ಅವ್ವನಿಗೋಸ್ಕರ ಆದ್ರೆ ಹೊರಡು. ಒಂದು ವರ್ಷ ಹಾಳಾಯ್ತು ಅನ್ಕೋಬೇಡ. ಈಗ ನಮ್ಮ ಹುಳ ಪೊರೆ ಬಿಡೋ ನಾಲ್ಕನೇ ಜ್ವರಕ್ಕೆ ಕೂತಿವೆ. ತಲೆ ಎತ್ತಿಕೊಂಡು ಅಲ್ಲಾಡದೆ ಇರ್ತಾವೆ, ಒಂದೆಲೆ ಮುಟ್ಟಲ್ಲ. ಹೊಸಬರು ನೋಡಿದ್ರೆ ಸತ್ತೇಹೋದ್ವು ಅಂತಾರೆ. ಜ್ವರ ಬಿಟ್ಟು ಎದ್ದಮೇಲೆ ಸೊಪ್ಪು ಕುಯ್ದು ಹಾಕೋಕೆ ನಮಗೆ ಕೈ ಸಾಲಲ್ಲ.

ನಮ್ಮತ್ತೆ ಆಗಲೇ ಶುರು ಮಾಡಿದ್ದಾರೆ. "ಬೀಗರ ಮಗ ನಮ್ಮ ಬಾಗಿಲಲ್ಲಿ ಜೋಳಿಗೆ ಹಿಡಿದು ನಿಂತ್ರೆ ಊರು ಏನಂದೀತು?" ಅಂತ. ಅವರು ಅನ್ನೋದು ಇದ್ದದ್ದೇ, ಬಿಡು.

ವೀರಮ್ಮ

———

ಶಾಗ್ಯ
20 ಜುಲೈ 1964

ಅಕ್ಕ,

ಅರ್ಜಿ ಹಾಕಲಿಲ್ಲ. ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಊಟಕ್ಕೆ ಕರೆಯೋದಾದರೂ ಗೋಡೆಗೆ ಹೇಳುತ್ತಾರೆ, "ಭಿಕ್ಷುಕರು ಉಣ್ಣೋದಾದ್ರೆ ಉಣ್ಣಲಿ" ಅಂತ. ನಗು ಬರುತ್ತದೆ, ಅಳುವೂ ಬರುತ್ತದೆ.

ಕಪ್ಪೆಯ ವಿಷಯ ನಿಜ. ಹೆದರಿಕೆಯೂ ನಿಜ. ಆದರೆ ಅದಕ್ಕಲ್ಲ. ನಿನ್ನ ಕಾಗದದಲ್ಲಿ ಅವ್ವ ಇಬ್ಬರನ್ನೂ ಎತ್ತಿಕೊಂಡು ಬೆಟ್ಟ ಹತ್ತಿದ್ದು ಓದಿದ ಮೇಲೆ ಯೋಚನೆ ಮಾಡುವುದೇನೂ ಉಳಿಯಲಿಲ್ಲ. ಅವಳು ಅಷ್ಟು ದೂರ ನಡೆದಳು, ನಾನು ಒಂದು ವರ್ಷ ನಡೆಯಲಾರೆನಾ?

ಭೀಮನ ಅಮಾವಾಸ್ಯೆಯ ದಿನ ಬೆಟ್ಟದಲ್ಲಿ ಜೋಳಿಗೆ ಹಾಕಿಸಿಕೊಳ್ಳುತ್ತೇನೆ. ನಡೆದುಕೊಂಡು ಬಂದು ಶ್ರಾವಣದ ಮೊದಲ ಸೋಮವಾರ ನಿನ್ನ ಬಾಗಿಲಲ್ಲಿ ನಿಂತು "ಉಘೇ ಮಾದಪ್ಪಾ" ಅನ್ನುತ್ತೇನೆ. ಅಲ್ಲಿಯವರೆಗೆ ನೀರು ಮಾತ್ರ. ಬೇಗ ಬಾ ಮೊರ ತೆಗೆದುಕೊಂಡು! ನಿಮ್ಮತ್ತೆಗೆ ಅಷ್ಟು ನಾಚಿಕೆಯಾದರೆ ಹೇಳಿಬಿಡು, ನಿನ್ನ ಬಾಗಿಲು ಬಿಟ್ಟು ಮುಂದಿನ ಮನೆಗೆ ಹೋಗುತ್ತೇನೆ. ತಮಾಷೆಗೆ ಅಂದೆ.

ಪುಟ್ಟ

———

ಮಾಂಬಳ್ಳಿ
30 ಅಕ್ಟೋಬರ್ 1964

ಪುಟ್ಟಮಾದಪ್ಪನಿಗೆ,

ನೀನು ಊರೂರು ತಿರುಗ್ತಿದ್ದೀಯ ಅಂತ ಸಂತೆಗೆ ಬಂದೋರು ಹೇಳಿದ್ರು. ಮಾಂಬಳ್ಳಿ ಕಡೇನೂ ಬಂದಿದ್ದೆಯಂತೆ. ಸಂತೋಷ. ಕಂಡೋರ ಮನೆ ರಾಗಿ ರುಚಿಯಾಗಿದೆ ಅಂತ ಕಾಣ್ತದೆ. ಒಡಹುಟ್ಟಿದೋರ ಮನೇದು ಕಲ್ಲಾಗಿತ್ತೇನೋ.

ಇಲ್ಲಿ ಎಲ್ಲ ಚೆನ್ನಾಗಿದ್ದೀವಿ.

ವೀರಮ್ಮ

———

ಶಾಗ್ಯ
3 ಡಿಸೆಂಬರ್ 1964

ಅಕ್ಕನಿಗೆ ನಮಸ್ಕಾರ.

ಊರಿಗೆ ಬಂದಾಗ ಕಾಗದ ಸಿಕ್ಕಿತು. ಹೌದು, ಕೊಟ್ಟವರ ಮನೆ ರಾಗಿ ರುಚಿಯಾಗಿಯೇ ಇದೆ. ಕೊಡಲು ನಾಚಿಕೊಳ್ಳುವವರನ್ನು ನಾನು ಬಲವಂತ ಮಾಡುವುದಿಲ್ಲ.

ಪುಟ್ಟಮಾದಪ್ಪ

———

ಮೈಸೂರು
19 ಆಗಸ್ಟ್ 1965

ಅಕ್ಕನಿಗೆ ನಮಸ್ಕಾರ.

ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಭಾವನಿಗೂ ನಿಮ್ಮತ್ತೆಗೂ ತಿಳಿಸು.

ಪುಟ್ಟಮಾದಪ್ಪ

———

ಮಾಂಬಳ್ಳಿ
11 ಫೆಬ್ರವರಿ 1968

ಪುಟ್ಟಮಾದಪ್ಪನಿಗೆ,

ಮಗಳಿಗೆ ಹೆಸರಿಡೋದು ಬರೋ ಗುರುವಾರ. ಗುರುಬಸಮ್ಮ ಅಂತ, ಅವ್ವನ ಹೆಸರು. ಸೋದರಮಾವ ಬರಬೇಕು ಅಂತ ಶಾಸ್ತ್ರ. ಪರೀಕ್ಷೆ ಇದ್ರೆ ತೊಂದರೆ ತಕಳ್ಳೋದು ಬೇಡ. ನಮ್ಮ ಬಾಗಿಲು ದಾಟಿ ಮುಂದಕ್ಕೆ ಓಗಿ ಅಭ್ಯಾಸ ಇರೋರಿಗೆ ಹೊಸದಾಗಿ ಏನು ಹೇಳೋದು.

ವೀರಮ್ಮ

(ಕೂಸಿನ ಮೂಗು ನಿನ್ನದೇ. ನಮ್ಮತ್ತೆಯೂ ಹಂಗೇ ಅಂದ್ರು.)

———

ಹನೂರು
22 ಜುಲೈ 1973

ಅಕ್ಕಾ,

ನಿನ್ನ ಕಾಗದ ಬಂದು ಐದು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಹೆಸರಿಡುವುದಕ್ಕೂ ಬರಲಿಲ್ಲ. ನಿನ್ನ ಆ ಕಾಗದ ಓದಿ, ದಾಟಿಹೋಗು ಅಂದವಳೇ ದಾಟಿಹೋದೆ ಅಂತ ಚುಚ್ಚುತ್ತಾಳಲ್ಲ ಅಂತ ಉರಿದುಹೋದೆ. ಇದನ್ನು ಪೂರ್ತಿ ಓದು. ಮಧ್ಯದಲ್ಲಿ ಹರಿದುಹಾಕಬೇಡ.

ನಾನು ಹನೂರಿನ ಆಸ್ಪತ್ರೆಗೆ ಬಂದು ನಾಲ್ಕು ತಿಂಗಳಾಯಿತು, ನಿನಗೆ ಗೊತ್ತಿರಬೇಕು. ಮೊನ್ನೆ ಒಬ್ಬ ಅಜ್ಜಿ ಮಂಡಿನೋವು ಅಂತ ಬಂದಳು. ಮಗಳನ್ನು ಇಲ್ಲಿಗೆ ಕೊಟ್ಟಿದ್ದಾಳಂತೆ. ನನ್ನ ಮುಖವನ್ನೇ ನೋಡಿ, "ಸಾ, ತಪ್ಪು ತಿಳೀಬೇಡಿ. ಒಂದ್ಸಲ ಜೋಳಿಗೆ ಹಾಕ್ಕೊಂಡು ನಮ್ಮನೆ ಜಗುಲಿ ಮ್ಯಾಲೆ ಕೂತು ಮುದ್ದೆ ಉಂಡಿದ್ದೋರು ನೀವೇ ಅಲ್ವಾ? ಉಣ್ತಾ ಉಣ್ತಾ ಅಳ್ತಿದ್ರಲ್ಲ. ಕೇಳಿದ್ರೆ ಒಲೆ ಹೊಗೆ ಅಂದ್ರಿ. ನಮ್ಮ ಒಲೆ ಹಿತ್ತಲಲ್ಲಿತ್ತು ಸಾ" ಅಂದಳು.

ನಿಮ್ಮ ಪಕ್ಕದ ಮನೆ ದೊಡ್ಡಮಾದಮ್ಮ.

ಅಕ್ಕ, ನಾನು ಬಂದಿದ್ದೆ. ಸೋಮವಾರವಲ್ಲ, ಹಿಂದಿನ ದಿನ ಭಾನುವಾರ. ಅಮಾವಾಸ್ಯೆಯ ದಿನ ಜೋಳಿಗೆ ಹಾಕಿಸಿಕೊಂಡು ಹೊರಟೆ. ದಾರಿಯಲ್ಲಿ ಲಾರಿಯೊಂದು ಕೊಳ್ಳೇಗಾಲದವರೆಗೆ ಹತ್ತಿಸಿಕೊಂಡಿತು. ಅಲ್ಲಿಂದ ನಡೆದೆ. ಹೊಟ್ಟೆಯಲ್ಲಿ ನೀರು ಬಿಟ್ಟು ಏನೂ ಇಲ್ಲ. ಕಣ್ಣು ಮಂಜು. ಸೋಮವಾರದವರೆಗೆ ತಡೆಯೋಕಾಗಲಿಲ್ಲ. ನಿನ್ನ ಬಾಗಿಲು ಮುಚ್ಚಿತ್ತು. ಹೊರಗೆ ನಿಂತು "ಉಘೇ ಮಾದಪ್ಪಾ" ಅಂದೆ. ಗಂಟಲು ಒಣಗಿ ಅರ್ಧ ಸ್ವರವೇ ಬಂತು. ಒಳಗಿಂದ ನಿನ್ನ ದನಿ ಕೇಳಿತು. "ಮುಂದಕ್ಕೋಗಪ್ಪಾ, ಕೈ ಬಿಡುವಿಲ್ಲ." ಇನ್ನೊಂದು ಸಲ ಕೂಗಿದೆ. "ಒಂದ್ಸಲ ಹೇಳಿದ್ರೆ ತಿಳಿಯಲ್ವಾ? ಮುಂದಕ್ಕೋಗು!" ಅಂದೆ ನೀನು.

ನಿಮ್ಮತ್ತೆಯ ಮಾತಿಗೆ, ಊರವರ ಬಾಯಿಗೆ ಹೆದರಿ ನನ್ನ ದನಿ ಗುರುತಿದ್ದೂ ಹಾಗಂದೆ ಅಂದುಕೊಂಡೆ. ಹತ್ತಿರ ಹತ್ತಿರ ಒಂಬತ್ತು ವರ್ಷ ಹಾಗೆಯೇ ಅಂದುಕೊಂಡಿದ್ದೆ. ಪಕ್ಕದ ಮನೆಯ ಅಮ್ಮ ಜೋಳಿಗೆಗೆ ಹಿಡಿ ರಾಗಿ ಹಾಕಿ, ನನ್ನ ಮುಖ ನೋಡಿ, ಕೂರಿಸಿ ಮುದ್ದೆ ಇಟ್ಟಳು. ನಾನು ಯಾರ ಮಗ, ಯಾರ ತಮ್ಮ ಅಂತ ಹೇಳಲಿಲ್ಲ.

ಅದೇ ದೊಡ್ಡಮಾದಮ್ಮ ಮೊನ್ನೆ ಬೆಂಚಿನ ಮೇಲೆ ಕೂತು, ನನ್ನ ಊರು ಶಾಗ್ಯ ಅಂತ ಕೇಳಿದ ಮೇಲೆ ಹೇಳಿದಳು. "ನಮ್ಮ ಪಕ್ಕದ ವೀರಮ್ಮನೂ ಶಾಗ್ಯದೋಳೇ ಸಾ. ಪಾಪ, ಆ ಶ್ರಾವಣ ಒಂದು ಸೋಮವಾರ ಬಿಡದಂಗೆ ಮೊರದ ತುಂಬ ರಾಗಿ ಇಟ್ಕೊಂಡು ಜಗುಲಿ ಮ್ಯಾಲೆ ಕೂರೋಳು. ಅತ್ತೆ ಬೈದ್ರೂ ಏಳ್ತಿರಲಿಲ್ಲ. ತಮ್ಮ ಬರ್ತಾನೆ ಅಂತ. ನೀವು ಬಂದ್ರಲ್ಲ, ಅವತ್ತು ಅವರ ಮನೇಲಿ ಹುಳ ಹಣ್ಣಾಗಿದ್ವು. ಮಾರನೇ ದಿನದಿಂದ ಕೂತಳು. ಆ ಪಾಪಿ ಬರಲೇ ಇಲ್ಲ."

ಆ ಪಾಪಿ ಅಂದರೆ ನಾನು, ಅಕ್ಕ. ಮಿಕ್ಕ ರೋಗಿಗಳನ್ನು ಕಾಂಪೌಂಡರ್‌ಗೆ ಬಿಟ್ಟು ಆಸ್ಪತ್ರೆ ಹಿಂದಿನ ಹುಣಸೆಮರದ ಕೆಳಗೆ ಹೋಗಿ ನಿಂತೆ. ಹುಳ ಹಣ್ಣಾದ ದಿನ ಯಾರು ಕೂಗಿದರೂ ಮುಂದಕ್ಕೋಗು ಅನ್ನುತ್ತೀರಿ ಅಂತ ನೀನೇ ಬರೆದಿದ್ದೆ. ಆ ಕಾಗದ ಓದಿ ನಾನು ನಕ್ಕಿದ್ದೆ ಕೂಡ. ಹಸಿವಿನಲ್ಲಿ ಅದು ತಲೆಗೇ ಬರಲಿಲ್ಲ. ಆಮೇಲೂ ಬರಲಿಲ್ಲ. ಆಮೇಲೆ ಸಿಟ್ಟು ಮಾಡಿಕೊಳ್ಳುವುದೇ ಹಿತವಾಗಿತ್ತೋ ಏನೋ.

ಆ ವರ್ಷದ ಬಗ್ಗೆ ನಿನಗೆ ಒಂದನ್ನೂ ಹೇಳಲಿಲ್ಲವಲ್ಲ. ಹೇಳಬೇಕಾದ್ದೆಲ್ಲ ನಿನಗೇ ಹೇಳಬೇಕಾಗಿತ್ತು. ಎಂಥ ವರ್ಷ ಅದು! ಸುಗ್ಗಿಯಲ್ಲಿ ಕಣಗಳ ಹೊಟ್ಟು ಮೈಗೆಲ್ಲ ಅಂಟಿಕೊಳ್ಳುತ್ತಿತ್ತು. ಮುದುಕಿಯರು ನನ್ನ ಕಾಲು ಮುಟ್ಟಲು ಬಂದರೆ ನಾಚಿಕೆಯಿಂದ ಹಿಂದೆ ಹಿಂದೆ ಸರಿಯುತ್ತಿದ್ದೆ. ಹುಡುಗಿಯರು ಮೀಸೆ ನೋಡಿ ಕಿಸಕ್ಕನೆ ನಗುತ್ತಿದ್ದರು. ಈಗ ಜೀಪಿನಲ್ಲಿ ಅದೇ ಹಳ್ಳಿಗಳಿಗೆ ಹೋದಾಗ ಯಾವ ಬಾಗಿಲಲ್ಲಿ ಏನು ಬಡಿಸಿದರು ಅನ್ನುವುದು ನೆನಪಾಗುತ್ತದೆ. ಮಾಘದಲ್ಲಿ ಕಾಡಂಚಿನ ಒಂದು ಹಟ್ಟಿಗೆ ಹೋದೆ. ತಾಯಿಯೊಬ್ಬಳು ಜ್ವರದಿಂದ ಕೆಂಡವಾಗಿದ್ದ ಮಗುವನ್ನು ತಂದು ನನ್ನ ಕಾಲ ಬಳಿ ಮಲಗಿಸಿದಳು. "ಮಾದಪ್ಪಾ, ಬೂದಿ ಕೊಡಪ್ಪ" ಅಂದಳು. ಅವ್ವ ನನ್ನನ್ನು ಹಾಗೇ ಮಲಗಿಸಿದ್ದಳಲ್ಲವಾ? ಹಚ್ಚಿದೆ. ಅಕ್ಕಾ, ನನ್ನ ಕೈಯಲ್ಲಿ ಬೂದಿ ಬಿಟ್ಟು ಏನೂ ಇರಲಿಲ್ಲ. ಇನ್ನೊಂದು ಸಲ ಆ ಕಡೆ ಹೋದಾಗ ಮಗು ಇರಲಿಲ್ಲ. ತಾಯಿ ಆದರೂ ಹಿಡಿ ರಾಗಿ ಹಾಕಿದಳು. ಆಮೇಲೆ ಕಪ್ಪೆ ಕೊಯ್ಯುವಾಗಲಾಗಲಿ ಹೆಣ ಕೊಯ್ಯುವಾಗಲಾಗಲಿ ನಾನು ಒಂದು ಸಲವೂ ತಲೆಸುತ್ತಿ ಬೀಳಲಿಲ್ಲ. ಅರ್ಜಿ ಹಾಕದೆ ಬಿಟ್ಟ ವರ್ಷವೇ ನನ್ನನ್ನು ಡಾಕ್ಟರು ಮಾಡಿತು. ಅಪ್ಪ ಇದನ್ನು ಒಪ್ಪುವುದಿಲ್ಲ, ನೀನಾದರೂ ಒಪ್ಪು.

ನೀನು ಮೊರ ಹಿಡಿದು ಕೂತಿದ್ದೆ ಅಂತ ಕೇಳಿದಾಗಿನಿಂದ ಅನ್ನ ಇಳಿಯುತ್ತಿಲ್ಲ. ಬೈದಾದರೂ ಬರೆ.

ನಿನ್ನ ಪುಟ್ಟ

———

ಮಾಂಬಳ್ಳಿ
27 ಜುಲೈ 1973

ನನ್ನಪ್ಪಾ ಪುಟ್ಟಾ,

ನನ್ನ ಬಾಯಿ ಸೇದೋಗ! ಆ ದಿನ ಯಾರೋ ಜೋಳಿಗೆ ಹೊತ್ತ ಗುಡ್ಡಪ್ಪ ಎರಡು ಸಲ ಕೂಗಿದ್ದು ನನಗೆ ಚೆನ್ನಾಗಿ ನೆನಪಿದೆ. ದನಿ ಒಡೆದಿತ್ತು, ಯಾರೋ ಮುದುಕ ಅನ್ಕೊಂಡೆ. ಕೈ ತುಂಬ ಹುಳ, ಅತ್ತೆ ಬೆನ್ನ ಹಿಂದೆ. ಎದ್ದು ಬಂದು ಒಂದು ಕಣ್ಣು ಹಾಕಿದ್ರೆ ಸಾಕಾಗಿತ್ತು. ಹಸಿದ ತಮ್ಮನ್ನ ನನ್ನ ಬಾಯಾರೆ ಅಟ್ಟಿದೆ. ಅವ್ವ ಮೇಲಿಂದ ನೋಡಿ ಎಷ್ಟು ಅತ್ತಿರಬೇಕು.

ನೀನು ಸುಮ್ನೆ ಬಾಗಿಲು ತಳ್ಳಿ "ನಾನು ಕಣಕ್ಕಾ" ಅನ್ನೋಕೆ ಆಗಲಿಲ್ವೇನ್ಲಾ, ಬೆಪ್ಪೇ? ಅಷ್ಟು ಓದಿದ್ದು ಯಾತಕ್ಕೆ? ನಾನೂ ಅಂಥೋಳೇ. ತಮಾಷೆಗೆ ಬರೆದಿದ್ದೆಯಲ್ಲ, ಬಾಗಿಲು ಬಿಟ್ಟು ಮುಂದಿನ ಮನೆಗೆ ಓಗ್ತೀನಿ ಅಂತ, ಅದನ್ನೇ ನಿಜ ಅನ್ಕೊಂಡೆ. ಓದಿದೋನು, ಅಕ್ಕನ ಬಾಗಿಲಲ್ಲಿ ಕೈ ಚಾಚೋಕೆ ನಾಚಿದ ಅಂತ ಕೊರಗಿದೆ. ಪ್ರತಿ ಸೋಮವಾರ ಸಂಜೆ ಆ ರಾಗೀನ ಮತ್ತೆ ಗುಡಾಣಕ್ಕೆ ಸುರಿಯುವಾಗ ಕಣ್ಣು ಕಾಣ್ತಿರಲಿಲ್ಲ ಕಣ್ಲಾ.

ನಮ್ಮತ್ತೆಗೆ ನಿನ್ನ ಕಾಗದ ಓದಿ ಹೇಳಿದೆ. ಈಗ ಅವರಿಗೆ ಹಲ್ಲಿಲ್ಲ, ಕೋಪವೂ ಇಲ್ಲ. "ಆ ಐದ್ನ, ನಿನ್ನ ತಮ್ಮನ್ನ, ಕರ್ಸವ್ವಾ" ಅಂದ್ರು. ನಿನ್ನ ಸೊಸೆ ಗುರುಬಸಿ ಬೆಳಗ್ಗೆಯಿಂದ ಕೇಳ್ತಿದ್ದಾಳೆ, ಮಾವನಿಗೆ ಮೂಗು ನಿಜವಾಗ್ಲೂ ನಂದೇನಾ ಅಂತ.

ಈಗ ನಾನು ಹೇಳೋದು ಕೇಳು. ಮೊದಲ ಭಿಕ್ಷೆ ಅವ್ವನ ಕೈದು ಅಂತ ಹರಕೆ. ಅದು ಇನ್ನೂ ನಿನ್ನ ಜೋಳಿಗೆಗೆ ಬಿದ್ದಿಲ್ಲ. ನೀನು ವರ್ಷವೆಲ್ಲ ತಿರುಗಿದ್ದೂ ಸರಿ, ಡಾಕ್ಟ್ರು ಆಗಿದ್ದೂ ಸರಿ, ಲೆಕ್ಕಕ್ಕೆ ನಿನ್ನ ವರ್ಷ ಇನ್ನೂ ಶುರುವೇ ಆಗಿಲ್ಲ.

ಬರೋ ಶ್ರಾವಣದ ಮೊದಲ ಸೋಮವಾರ ಬಾ. ಏನೂ ತಿನ್ನದೆ ಬಾ. ಆ ಜೋಳಿಗೆ ಹರಿದುಹೋಗಿದ್ರೆ ನಿನ್ನ ಡಾಕ್ಟ್ರು ಬ್ಯಾಗೇ ತಕಂಡು ಬಾ, ಔಷಧಿಯೆಲ್ಲ ಹೊರಗೆ ತೆಗೆದಿಟ್ಟು. ಈ ತಿಂಗಳು ಹುಳ ಸಾಕಿಲ್ಲ, ಮನೆ ಖಾಲಿ ಇದೆ. ಅಂಗಂತ ಒಳಗೆ ನುಗ್ಗಿ ಬರಬೇಡ. ಬಾಗಿಲಲ್ಲೇ ನಿಂತು ಕೂಗು. ನಾನು ಮೊರ ತಕಂಡು ಬರ್ತೀನಿ.

ಅಕ್ಕ